ಒಂದು ಗೋಣಿ ಕ್ಯಾಬೇಜು

ಯತಿನ್,

ಬಾಗಿಲು ತೆಗೆದ ಕೂಡಲೇ ನಾರುವುದು ಪಾಪುವಿನ ಬಟ್ಟೆಯಲ್ಲ, ನಿನ್ನ ಸರ್ವೋತ್ತಮ ಮಾವ ವಾಶಿ ಮಾರ್ಕೆಟ್ಟಿನಿಂದ ಕಳಿಸಿದ ಕ್ಯಾಬೇಜು. ಒಂದು ಗೋಣಿ! ಹೊಟೇಲು ನಡೆಸುವವರಿಗೆ ಕಡಿಮೆ ತರಿಸಿ ಗೊತ್ತಿಲ್ಲ. ಎದೆಯಲ್ಲಿ ಹಾಲು ಕಟ್ಟಿದ ಕಡೆ ಅದರ ಎಲೆ ಇಟ್ಟುಕೊಳ್ಳಬೇಕಂತೆ. ಅಡಿಯಲ್ಲಿದ್ದವು ಕೊಳೆತು ನೀರು ಬಿಟ್ಟಿವೆ, ನೋಡಿದರೆ ವಾಕರಿಕೆ ಬರುತ್ತದೆ. ಕೊಳೆತದ್ದನ್ನು ನೀನೇ ಕೆಳಗೆ ಒಯ್ದು ಕಸಕ್ಕೆ ಹಾಕು. ನೆಲಕ್ಕೆ ಫಿನಾಯಿಲ್ ಹಾಕಿ ಒರೆಸು.

ನನ್ನ ಎದೆಯ ಗಂಟಿನ ಸುದ್ದಿ ಯಾರು ಹೇಳಿದರೆಂದು ಮಾವನಿಗೆ ಫೋನ್ ಮಾಡಿ ಕೇಳಿದೆ. ಊರಿನವರ ವಾಟ್ಸಾಪ್ ಗ್ರೂಪಿನಲ್ಲಿ ನೀನೇ ಹಾಕಿದ್ದೆಯಂತೆ. ಯಕ್ಷಗಾನದ ಪಾಸಿನ ವಿಷಯದ ಕೆಳಗೆ ನನ್ನ ಹಾಲಿನ ವಿಷಯ! ಆ ಗ್ರೂಪಿನಲ್ಲಿರುವ ಮೂರನೇ ಮಾಳಿಗೆಯ ಅಂಕಲ್ ಲಿಫ್ಟಿನಲ್ಲಿ, "ಹೇಗುಂಟಮ್ಮ ಈಗ, ಕರಗಿತಾ?" ಎಂದರು. ಥೂ!

ಪಾಪುವನ್ನು ಎತ್ತಿಕೊಂಡು ಫಿಸಿಯೋಥೆರಪಿಗೆ ಹೊರಟಿದ್ದೇನೆ. ಅಲ್ಲಿ ಜೆಲ್ ಹಚ್ಚಿ ಅಲ್ಟ್ರಾಸೌಂಡಿನ ಸಣ್ಣ ಯಂತ್ರವನ್ನು ಗಂಟಿನ ಮೇಲೆ ಮೆಲ್ಲ ಆಡಿಸುತ್ತಾರೆ. ಮುಗಿದ ಕೂಡಲೇ ಪಾಪುವಿಗೆ ಕುಡಿಸಬೇಕು. ನಿನ್ನೆ ಒಂದು ಗಂಟು ಸಡಿಲವಾಯಿತು. ಕ್ಯಾಬೇಜಿನಿಂದ ಎಂದು ಗ್ರೂಪಿನಲ್ಲಿ ಬರೆದೀಯೆ, ಜಾಗ್ರತೆ.

ಕುಕ್ಕರಿನಲ್ಲಿ ಗಂಜಿ ಇದೆ. ಪಲ್ಯ ಬೇಕಾದರೆ ನಿನ್ನ ಗೋಣಿಯಲ್ಲಿದೆ.

ಫಿಸಿಯೋಥೆರಪಿಯ ಮಾನಸಿ ಮೇಡಂ ನನ್ನನ್ನು ಮುಟ್ಟುವ ಮೊದಲು ಪ್ರತಿ ಸಲ, "ಹಾತ್ ಲಾವೂ ಕಾ, ತಾಈ?" ಎಂದು, ಮುಟ್ಟಲಾ ಅಕ್ಕ ಅಂತ, ಮರಾಠಿಯಲ್ಲಿ ಕೇಳುತ್ತಾರೆ. ಅವರಿಗೆ ನಾನು ಯಾರೋ. ನಿನಗೂ ಯಾರೋ ಆಗಿದ್ದರೆ, ಗ್ರೂಪಿಗೆ ಹಾಕುವ ಮೊದಲು ಒಂದು ಮಾತು ಕೇಳುತ್ತಿದ್ದೆಯೇನೋ.

ರಮಿತಾ