ಹಂಡೆಯಲ್ಲಿ ಮುಳುಗಿದ ಹನಿ

ಹುಣಸೂರು
೧೪ ಜುಲೈ ೨೦೨೪, ಭಾನುವಾರ

ಸೌಂದರ್ಯಳ ಅವ್ವನಿಗೆ,

ಸಾಲಿಗ್ರಾಮದಲ್ಲಿ ಮಂಡಿನೋವು ಹೇಗಿದೆ? ನಿನ್ನ ತಮ್ಮ ಮೂರ್ತಿಯ ಮನೆಯ ಮೆಟ್ಟಿಲು ಎತ್ತರ, ಗೋಡೆ ಹಿಡಿದುಕೊಂಡು ಇಳಿ. ಫೋನ್ ಇರುವಾಗ ಕಾಗದ ಯಾಕೆ ಎಂದು ಮೂರ್ತಿ ನಗಬಹುದು. ಫೋನಾದರೆ ನನ್ನ ಮಾತು ಮುಗಿಯುವ ಮೊದಲೇ ಇಟ್ಟುಬಿಡುತ್ತೀಯೆ; ಕಾಗದವನ್ನು ಹರಿದುಹಾಕುವುದಕ್ಕೂ ಅರ್ಧ ಓದಿ ಸಿಟ್ಟು ಬರಬೇಕು. ಕನ್ನಡಕ ಹಾಕಿಕೊಂಡು ನೀನೇ ಓದು, ಅವನ ಕೈಗೆ ಕೊಡಬೇಡ.

ನೀನು ಮುನಿಸಿಕೊಂಡು ಬಸ್ಸು ಹತ್ತಿದ್ದು ನನಗೂ ಬೇಸರವೇ. ಸಂಜೆಯಾದರೆ ಮೊಮ್ಮಗ ಮುಷ್ಟಿ ಬಿಗಿದು, ಕಾಲನ್ನು ಹೊಟ್ಟೆಗೆಳೆದುಕೊಂಡು ಅಳುತ್ತಿದ್ದಾಗ ನಮ್ಮಲ್ಲಿ ಯಾರು ತಾನೇ ಸುಮ್ಮನಿದ್ದೆವು? ನೀನು ಹೊಕ್ಕುಳ ಸುತ್ತ ಇಂಗು ಹಚ್ಚಿದೆ, ದೃಷ್ಟಿ ತೆಗೆದೆ, ಕೂಸು ಗುಂಡಗಿದೆ ಎಂದ ತಪ್ಪಿಗೆ ಪಕ್ಕದ ಮನೆಯ ಕುಳ್ಳಮ್ಮನ ಜೊತೆ ಮಾತು ಬಿಟ್ಟೆ. ಕೊನೆಗೆ ಮಕ್ಕಳ ಡಾಕ್ಟರಮ್ಮ ಪುಟ್ಟ ಶೀಶೆಯೊಂದನ್ನು ಬರೆದುಕೊಟ್ಟು, ಫ್ರಿಜ್ಜಿನಲ್ಲಿಡಿ, ದಿನಕ್ಕಿಷ್ಟು ಹನಿ ಹಾಕಿ, ಎದೆಹಾಲು ಕುಡಿಯುವ ಕೆಲವು ಮಕ್ಕಳಿಗೆ ಗುಣ ಕಾಣುತ್ತದೆ, ನೋಡೋಣ ಎಂದರು. ಅಷ್ಟನ್ನೂ ತಲೆಯಾಡಿಸಿ ಕೇಳಿಸಿಕೊಂಡು ಬಂದವಳು ನೀನು. ಬಾಣಂತಿ ಇರುವ ಮನೆಯಲ್ಲಿ ತಣ್ಣಗಿನದು ಕೂಸಿನ ಬಾಯಿಗೆ ಹೋಗಕೂಡದೆಂದು ಆ ಶೀಶೆಯನ್ನು ದಿನಾ ನೀರೊಲೆಯ ಹಂಡೆಯಲ್ಲಿ ಮುಳುಗಿಸಿ, ಕಾಫಿಯಷ್ಟು ಬಿಸಿ ಮಾಡಿ, ಆಮೇಲೆ ಆರಿಸಿ ಹಾಕಿದೆ. ಈ ಮನೆಯಲ್ಲಿ ಬೇಯಿಸುವವನು, ಹೊಲದ ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಹದಮಾಡುವ ನಾನೊಬ್ಬನೇ ಅಂದುಕೊಂಡಿದ್ದೆ, ನೀನು ಔಷಧಿಯನ್ನೇ ಬೇಯಿಸಿದೆ.

ಮತ್ತೆ ತೋರಿಸಲು ಹೋದಾಗ ನಿಜ ಹೊರಬಿತ್ತು. ಅದರಲ್ಲಿರುವುದು ಮೊಸರಿನಲ್ಲಿರುವಂಥ, ಜೀವವಿರುವ ಒಳ್ಳೆಯ ಸೂಕ್ಷ್ಮಜೀವಿಗಳಂತೆ, ಬಿಸಿಗೆ ಸಾಯುತ್ತವಂತೆ. “ಕುದಿಯೋ ಹಾಲಿಗೆ ಹೆಪ್ಪು ಹಾಕ್ತೀರೇನಮ್ಮ?” ಎಂದು ಡಾಕ್ಟರಮ್ಮ ನಗುತ್ತಲೇ ಕೇಳಿದರು. ಬೀದಿಗೆಲ್ಲ ಹೆಪ್ಪು ಕೊಡುವ ನಿನ್ನನ್ನು ಆ ಮಾತು ಕೇಳಬಾರದಿತ್ತು. ಅದು ಸಾಲದೆಂದು ಮಗಳು ಸೌಂದರ್ಯ, “ನನ್ ಕೂಸಿನ ಔಸ್ದಿನೇ ಸಾಯಿಸ್ಬುಟ್ಟೆ ಕಣವ್ವ, ಇನ್ಮ್ಯಾಕೆ ಮುಟ್ಬ್ಯಾಡ” ಅಂದಳು. ನಿದ್ದೆಗೆಟ್ಟವಳ ಬಾಯಿ, ನಿಜ. ಆದರೂ ಹೆತ್ತವಳಿಗೆ ಹಾಗನ್ನಬಾರದು. ನಿನಗೆ ಎಷ್ಟು ನೋವಾಯಿತೆಂದು ನನಗೆ ಗೊತ್ತು.

ಈಗ ಹೊಸ ಶೀಶೆ ಫ್ರಿಜ್ಜಿನಲ್ಲಿ, ನಿನ್ನ ಹೆಪ್ಪಿನ ಬಟ್ಟಲ ಪಕ್ಕದಲ್ಲಿದೆ. ಕೂಸು ಸಂಜೆ ಸ್ವಲ್ಪ ಸಿಣುಗಿ ಮಲಗುತ್ತದೆ. ಹನಿಯ ಗುಣವೋ, ಬೆಳೆಯುತ್ತ ತಾನಾಗಿ ಕಡಿಮೆಯಾಯಿತೋ ಖಂಡಿತ ಹೇಳಲಾರೆ ಎಂದು ಡಾಕ್ಟರಮ್ಮನೇ ಅಂದರು. ನೀರೆರೆಯಲು ಸದ್ಯಕ್ಕೆ ಕುಳ್ಳಮ್ಮ ಬರುತ್ತಾಳೆ. ಎಣ್ಣೆ ತಿಕ್ಕುತ್ತ, ಕೂಸು ಇನ್ನಷ್ಟು ಗುಂಡಗಾಗಿದೆ ಅನ್ನುತ್ತಾಳೆ. ನಾನು ಕೇಳಿಸದವನ ಹಾಗೆ ಇದ್ದೇನೆ.

ಮೂರ್ತಿಯನ್ನೂ ಅವನ ಮನೆಯವರನ್ನೂ ಕೇಳಿದೆನೆಂದು ಹೇಳು. ದೇವರು ನಿನ್ನ ಮಂಡಿಗೂ ಸಿಟ್ಟಿಗೂ ಬೇಗ ಗುಣ ಕೊಡಲಿ.

ಬಸ್‌ಸ್ಟ್ಯಾಂಡಿನ ಕಡೆಗೇ ಕಣ್ಣಿಟ್ಟಿರುವ,
ಅಂಕಯ್ಯ

ತಾ.ಕ.: ಕೂಸಿನ ಅಳು ಕಡಿಮೆಯಾಯಿತು ಎಂದೆನಲ್ಲ, ಈಗ ಅದರ ತಾಯಿ ಶುರುಮಾಡಿದ್ದಾಳೆ. ಸಂಜೆಯಾದರೆ ಬಾಗಿಲಲ್ಲಿ ಕೂತು, “ಅವ್ವ ಯಾವಾಗ್ ಬತ್ತಾಳಪ್ಪ” ಅನ್ನುತ್ತಾಳೆ. ಇದಕ್ಕೆ ಡಾಕ್ಟರಮ್ಮನ ಹತ್ತಿರ ಹನಿ ಇಲ್ಲ. ಕಾಗದ ಸಿಕ್ಕಿದ ತಕ್ಷಣ ಬಸ್ಸು ಹತ್ತು.