ರಾವಣ ಎತ್ತಿದ ಕೈಲಾಸ ಮತ್ತು ಕೆಂಪು ಬ್ಯಾಟರಿ

ರೀ,

ಏಳು ಗಂಟೆ ಬಸ್ಸಿಗೆ ಅರಸೀಕೆರೆ ಅಕ್ಕನ ಮನೆಗೆ ಹೊರಟೆ. ರೊಟ್ಟಿ ಮುಚ್ಚಿಟ್ಟಿದ್ದೇನೆ.

ನಿಮ್ಮ ಲೇಸರ್ ಲೈಟಿನ ಕೆಂಪು ಬ್ಯಾಟರಿ ತೆಗೆದುಬಿಟ್ಟೆ, ಹುಡುಕಬೇಡಿ. ಮೇಲೆ 9900 ಎಂದು ಬರೆದಿದೆ, ತುಂಬ ಹೊತ್ತು ಉರಿಯುತ್ತದೆ ಅಂತ ಕೊಂಡಿರಿ. ಕೈಯಲ್ಲಿ ಹಿಡಿದರೆ ಮಂಡಕ್ಕಿಯಷ್ಟು ಹಗುರ, ಒಳಗೆ ಸತ್ವವೇ ಇಲ್ಲ. ನಿನ್ನೆ ಗುಡಿಯ ಗೋಡೆಯ ಶಿಲ್ಪ ತೋರಿಸಿ ಕಥೆ ಹೇಳುವಾಗ, ರಾವಣ ಕೈಲಾಸ ಎತ್ತಿದ ಕೂಡಲೇ ಲೈಟು ಆರಿಹೋಯಿತಲ್ಲ. "ಗೈಡ್ ಸಾರ್, ಬೇಗ ಇಳ್ಸೋಕ್ ಹೇಳಿ, ಪಾಪ ಇಪ್ಪತ್ತು ಕೈನೂ ನೋಯ್ತಾವೆ" ಎಂದು ಜನ ನಕ್ಕರಂತೆ.

ದೇವರಿಗೆ ಒಡೆಯುವ ಒಂದು ಕಾಯಿಗೆ ಅಂಗಡಿಯ ಕಾಯಿಗಳನ್ನೆಲ್ಲ ತೂಗಿ, ಕಿವಿಯ ಬಳಿ ಅಲ್ಲಾಡಿಸಿ ನೋಡುವವರು ನೀವು. ಬ್ಯಾಟರಿಗೆ ಮಾತ್ರ ಅಂಕಿ ನೋಡಿ ಕೈಮುಗಿದಿರಿ.

ಮೇಜಿನ ಮೇಲೆ ಹೊಸದಿದೆ. ಬರೆದಿರುವುದು ಬರೀ 3000, ಆದರೆ ಕೈಗೆ ಭಾರ ಸಿಗುತ್ತದೆ. ನಾನೂ ಅಂಗಡಿಯಲ್ಲಿ ತೂಗಿಯೇ ತಂದೆ. "ಏನಮ್ಮಾ, ಕಾಯಿ ಆರಿಸ್ತಿದ್ದೀರಾ?" ಎಂದ ಅಂಗಡಿಯವನು. "ಹೂಂ ಕಣಪ್ಪ, ನಮ್ಮ ಯಜಮಾನ್ರು ಕೈಲಾಸ ಇಳಿಸ್ಬೇಕು" ಎಂದೆ.

ಪೂರ್ತಿ ಚಾರ್ಜ್ ಮಾಡಿದ್ದೇನೆ. ಹತ್ತು ಗಂಟೆಗೆ ಪ್ರವಾಸಕ್ಕೆ ಬರುವ ಶಾಲೆ ಮೇಷ್ಟರ ತಂಡವೂ ನಕ್ಕರೆ ಮುಂದಿನ ವರ್ಷ ಬೇರೆ ಗೈಡನ್ನು ಕರೆಯುತ್ತಾರೆ. ಲೈಟನ್ನು ಯಾರ ಕಣ್ಣಿಗೂ ಹಿಡಿಯಬೇಡಿ.

ಹೊರಡುವಾಗ ದೇವರಿಗೆ ಕೈಮುಗಿಯಿರಿ. ದೀಪದ ಎಣ್ಣೆ ಡಬ್ಬಿಯ ಮೇಲೆ ಯಾವ ಅಂಕಿಯೂ ಇಲ್ಲ; ದೀಪ ನಿನ್ನೆಯಿಂದ ಉರಿಯುತ್ತಲೇ ಇದೆ.