ಸ್ಟೀರಿಂಗ್ ನೆಟ್ಟಗಾದ ಮೇಲೆ

ನಮ್ಮ ಮನೆಯ ಮುಂಗೋಣೆ,
ಮಂಗಳವಾರ, ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ

ಪ್ರೀತಿಗೂ ಗೌರವಕ್ಕೂ ಸಮಾನವಾಗಿ ಪಾತ್ರರಾದ ಯಜಮಾನರಿಗೆ ಮನೆಯಾಕೆಯ ನಮಸ್ಕಾರಗಳು.

ಆಪರೇಷನ್ನಾದ ಎರಡನೆಯ ಕಣ್ಣಿನ ಪಟ್ಟಿಯನ್ನೂ ಬಿಚ್ಚಿದರೆಂದು ದೊಡ್ಡ ಮಗಳು ಫೋನಿನಲ್ಲಿ ತಿಳಿಸಿದಳು. ಭಗವಂತನ ಕರುಣೆ ದೊಡ್ಡದು. ಔಷಧದ ಹನಿಗಳನ್ನು ಹೊತ್ತಿಗೆ ಸರಿಯಾಗಿ ಹಾಕಿಸಿಕೊಳ್ಳುತ್ತಿದ್ದೀರಷ್ಟೆ? ಕಣ್ಣುಜ್ಜಬಾರದೆಂದು ವೈದ್ಯರ ಆಜ್ಞೆ. ತಾವೋ ಬೇಡವೆಂದುದನ್ನೇ ಮೊದಲು ಮಾಡುವವರು. ಪತ್ರಿಕೆಗೂ ಅವಸರಪಡಬೇಡಿ, ತಾವು ಓದದಿದ್ದರೂ ಲೋಕ ನಡೆದುಕೊಂಡು ಹೋಗುತ್ತದೆ. ಈ ಕಾಗದವನ್ನು ಮಗಳಿಂದಲೇ ಓದಿಸಿಕೊಳ್ಳತಕ್ಕದ್ದು. ಇಲ್ಲಿ ಮಗ, ಸೊಸೆ, ನಾನು ಎಲ್ಲರೂ ಕ್ಷೇಮ.

ಇನ್ನು ನಮ್ಮ ಕಾರಿನ ವಿಚಾರ. ಕಳೆದ ವರ್ಷ ರಿಪೇರಿಯಾಗಿ ಬಂದಂದಿನಿಂದ, ನೇರ ರಸ್ತೆಯಲ್ಲಿಯೂ ಅದರ ಸ್ಟೀರಿಂಗ್ ಎಡಕ್ಕೆ ವಾಲಿಕೊಂಡೇ ಇರುತ್ತಿದ್ದುದು ತಮಗೆ ತಿಳಿದದ್ದೇ. ಗಾಡಿಯ ನಡೆ ನೇರ, ಸ್ಟೀರಿಂಗ್ ಮಾತ್ರ ಡೊಂಕು. ತಾವು ಅದನ್ನು ಸರಿಪಡಿಸಲೂ ಇಲ್ಲ, ದೂರಲೂ ಇಲ್ಲ. ನಾನು ಕಾರು ಕಲಿಯುತ್ತೇನೆಂದಾಗ ಮಾತ್ರ ಆ ಡೊಂಕು ತಮ್ಮ ನೆನಪಿಗೆ ಬರುತ್ತಿತ್ತು. "ಮೊದ್ಲು ಸ್ಟೀರಿಂಗ್ ನೆಟ್ಟಗಾಗ್ಲಿ ಕಣೇ, ಆಮೇಲೆ ನೀನು ಹಿಡಿಯುವಂತೆ" ಎಂದು ಊಟಕ್ಕೆ ಕುಳಿತ ಮಕ್ಕಳೆದುರಿಗೇ ಅಪ್ಪಣೆ ಕೊಡಿಸಿದ್ದಿರಿ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಕಲಿಸಲು ಮನಸ್ಸಿಲ್ಲದ ತಾವು ಸ್ಟೀರಿಂಗ್ ಡೊಂಕೆಂದಿರಿ.

ತಾವು ಹಿಂತಿರುಗಿದ ಮೇಲೂ ಕೆಲವು ವಾರ ಕಾರು ಓಡಿಸಕೂಡದೆಂದು ವೈದ್ಯರು ಹೇಳಿದ್ದನ್ನು ಕೇಳಿ ನನಗೆ ಯೋಚನೆಗಿಟ್ಟುಕೊಂಡಿತು. ಮಗ ಸೊಸೆ ಬೆಳಗ್ಗೆ ಕೆಲಸಕ್ಕೆ ಹೊರಟರೆ ಮರಳುವುದು ಸಂಜೆಗೇ. ಹಗಲಿನಲ್ಲಿ ತಮ್ಮನ್ನು ಆಸ್ಪತ್ರೆಗೆ ಕರೆದೊಯ್ಯುವವರು ಯಾರು? ಅಲ್ಲದೆ, ಮಕ್ಕಳ ಮುಂದೆ ಆಡಿದ ತಮ್ಮ ಮಾತು ಸುಳ್ಳಾಗಲು ನಾನು ಬಿಡಬಹುದೆ? ಆದಕಾರಣ ಸ್ಟೀರಿಂಗನ್ನು ನೆಟ್ಟಗೆ ಮಾಡಿಸುವ ಸಂಕಲ್ಪ ತೊಟ್ಟೆ.

ಸೊಸೆಯೂ ನಾನೂ ಹಳೆಯ ಮೆಕ್ಯಾನಿಕ್ ಬಳಿಗೇ ಹೋದೆವು. ಯಾವ ಕೆಲಸಕ್ಕೂ 'ನಾಳೆ' ಎನ್ನುವನೆಂದು ತಾವು 'ನಾಳೆಪ್ಪ' ಎಂದು ಹೆಸರಿಟ್ಟವನು. ಅಂದು ಮಾತ್ರ ನಾಳೆ ಎನ್ನಲಿಲ್ಲ. "ಇದೇನು ಮಹಾ ಬಿಡೀಮ್ಮಾ! ಸ್ಟೀರಿಂಗ್ ಬಿಚ್ಚಿ ಒಂದು ಹಲ್ಲು ಆಚೆ ಕೂರಿಸಿದ್ರಾಯ್ತು, ನೀವು ಟೀ ಕುಡಿಯೋಷ್ಟರಲ್ಲಿ ಮುಗಿಯುತ್ತೆ" ಎಂದು ಹಾಗೆಯೇ ಮಾಡಿದ. ಸ್ಟೀರಿಂಗ್ ನೆಟ್ಟಗೆ ನಿಂತಿತು. ನಾನು ಅವನನ್ನು ಮನಸಾರೆ ಹರಸಿಯೂ ಬಿಟ್ಟೆ. ಆದರೆ ದಾರಿಯಲ್ಲಿ, ತಿರುವು ಮುಗಿದು ಸ್ಟೀರಿಂಗ್ ಮರಳಿದೊಡನೆ ತಾನೇ ಆರಬೇಕಾದ ಇಂಡಿಕೇಟರ್, ಒಂದು ಕಡೆಯದು ತಿರುವು ಮುಗಿಯುವ ಮೊದಲೇ ಆರಿತು; ಇನ್ನೊಂದು ಕಡೆಯದು ತಿರುವು ಮುಗಿದು ಎಷ್ಟು ಹೊತ್ತಾದರೂ ಮಿನುಗುತ್ತಲೇ ಇತ್ತು. ಸೊಸೆ, "ಅತ್ತೆ, ನಿಮ್ಮ ಆಶೀರ್ವಾದ ವಾಪಸ್ ತಗೊಳ್ಳಿ" ಎಂದಳು.

ಮರುದಿನ ಮತ್ತೆ ಅಲ್ಲಿಗೇ ಹೋದೆವು. ಡೊಂಕಿನ ಮೂಲ ಸ್ಟೀರಿಂಗಿನಲ್ಲಿರದೆ, ಅದರಿಂದ ಮುಂದಿನ ಗಾಲಿಗಳೆರಡಕ್ಕೂ ಹೋಗುವ ಸರಳುಗಳಲ್ಲಿತ್ತು. ಹಿಂದಿನ ರಿಪೇರಿಯಲ್ಲಿ ಹೊಸ ತುದಿ ಜೋಡಿಸುವಾಗ ಒಂದು ಉದ್ದವಾಗಿ, ಒಂದು ಗಿಡ್ಡವಾಗಿ ಉಳಿದಿತ್ತು. ನಾಳೆಪ್ಪ ತಲೆ ಕೆರೆದುಕೊಂಡು ಸ್ಟೀರಿಂಗನ್ನು ಮೊದಲಿನ ಹಲ್ಲಿಗೇ ಕೂರಿಸಿದ. ಗಾಲಿಯ ನೇರವನ್ನು ಅಳೆಯುವ ಯಂತ್ರದ ಮೇಲೆ ಕಾರನ್ನು ನಿಲ್ಲಿಸಿ, ಸ್ಟೀರಿಂಗನ್ನು ನೆಟ್ಟಗೆ ಹಿಡಿದು ಅಲುಗದಂತೆ ಬಿಗಿದ. ಬಳಿಕ ಒಂದು ಸರಳನ್ನು ಎಷ್ಟು ಕುಗ್ಗಿಸಿದನೋ ಇನ್ನೊಂದನ್ನು ಅಷ್ಟೇ ಹಿಗ್ಗಿಸಿದ. ಒಂದನ್ನೇ ತಿರುಗಿಸಿ ಬಿಟ್ಟರೆ ಗಾಲಿಗಳೆರಡೂ ಮುನಿಸಿಕೊಂಡ ದಂಪತಿಗಳಂತೆ ಬೇರೆಬೇರೆ ಕಡೆಗೆ ಮುಖ ಮಾಡುತ್ತವಂತೆ. ನಮ್ಮ ಸಂಸಾರದಲ್ಲಿ ಇಷ್ಟು ವರ್ಷ ಕುಗ್ಗಿದ ಸರಳು ಯಾವುದೆಂದು ನಾನು ಹೇಳಹೊರಟಿಲ್ಲ. (ಮಗಳೇ, ನಗಬೇಡ, ಮುಂದಕ್ಕೆ ಓದು.)

ಆ ಭಾನುವಾರ ಸೊಸೆ ನನ್ನನ್ನು ಬೀಗ ಹಾಕಿದ ಗೋದಾಮಿನ ಮುಂದಿನ ಖಾಲಿ ಅಂಗಳಕ್ಕೆ ಕರೆದೊಯ್ದು ಸ್ಟೀರಿಂಗಿನ ಮುಂದೆ ಕೂರಿಸಿದಳು. ಗಾಡಿ ಹೊರಟೊಡನೆ, ಅಭ್ಯಾಸಬಲದಿಂದ ಕಣ್ಣು ಮುಚ್ಚಿ ಭಗವಂತನನ್ನು ಸ್ಮರಿಸಿದೆ. "ಅಯ್ಯೋ ಅತ್ತೆ, ದೇವರನ್ನ ಕಣ್ಣು ಬಿಟ್ಕೊಂಡೇ ನೆನೀರಿ!" ಎಂದು ಅವಳು ಕೂಗಿಕೊಂಡಳು. ಕಣ್ಣು ಬಿಟ್ಟು ನೋಡುತ್ತೇನೆ, ಸ್ಟೀರಿಂಗ್ ನೆಟ್ಟಗೆ, ಗಾಡಿ ಗೆರೆ ಎಳೆದಂತೆ ನೇರಕ್ಕೆ! ಇಷ್ಟು ದೊಡ್ಡ ವಸ್ತು ನನ್ನ ಎರಡು ಕೈಗಳ ಮಾತನ್ನು ಕೇಳುತ್ತಿದೆಯೆಂಬ ಸಂತೋಷಕ್ಕೆ ಅಂಗಳವನ್ನು ಇನ್ನೂ ಎರಡು ಸುತ್ತು ಹಾಕಿಸಿದೆ. ಹೆಚ್ಚು ಬರೆದರೆ ತಮಗೆ ಕಳವಳವಾದೀತು, ಇಲ್ಲಿಗೇ ನಿಲ್ಲಿಸುತ್ತೇನೆ.

ಮಗಳಿಗೂ ಅಳಿಯನಿಗೂ ನನ್ನ ತುಂಬುಮನದ ಹರಕೆ. ತಮ್ಮ ಕಣ್ಣಿನ ಬೆಳಕು ದಿನದಿನಕ್ಕೆ ವೃದ್ಧಿಸಲೆಂದು ದೇವರಲ್ಲಿ ಬೇಡುವ,

ತಮ್ಮ ಮನೆಯಾಕೆ

ತಾ.ಕ.: ಮುಖ್ಯವಾದದ್ದೇ ಉಳಿದುಹೋಯಿತು. ತಿಂಗಳಿಗೂ ಮೇಲೆ ಅಭ್ಯಾಸ ಮಾಡಿ, ನಿನ್ನೆ ಪರೀಕ್ಷೆ ಪಾಸಾಗಿ ಲೈಸೆನ್ಸ್ ಕೈಸೇರಿದೆ. ಪರೀಕ್ಷಕರು "ಈ ವಯಸ್ಸಲ್ಲಿ ಯಾಕಮ್ಮ ಇಷ್ಟು ಅವಸರ?" ಎಂದರು, "ಶುಕ್ರವಾರ ನಮ್ಮ ಯಜಮಾನರು ಬಂದುಬಿಡ್ತಾರಲ್ಲಪ್ಪ" ಎಂದೆ. ಆದ್ದರಿಂದ ರೈಲು ನಿಲ್ದಾಣಕ್ಕೆ ಬಾಡಿಗೆ ಕಾರು ಹೇಳಬೇಡಿ. ಪಕ್ಕದ ಸೀಟಿನಲ್ಲಿ ಕುಳಿತು ಇಲ್ಲದ ಬ್ರೇಕನ್ನು ತುಳಿಯಲೂಬೇಡಿ. ತಮ್ಮ ಹೊಸ ಕಣ್ಣುಗಳಿಂದ ಆ ಸ್ಟೀರಿಂಗ್ ನೆಟ್ಟಗಿದೆಯೇ ಎಂದು ಒಮ್ಮೆ ನೋಡಿ ಹೇಳಿದರೆ ಸಾಕು, ಹಿಡಿಯುವುದು ನಾನೇ.